ಮಾಳಿಗೆ, ಬೈಕು, ಬಾಲ್ಕನಿ: ಸಣ್ಣ ಹಗ್ಗ ಬಳಸುವ ನನ್ನ ರೀತಿ

ಕಲಬುರಗಿಯಲ್ಲಿ ಹಗ್ಗ ಬರೀ ಭಾರಕ್ಕೆ ಹರಿಯುವುದು ಕಡಿಮೆ. ಬಿಸಿಲಿಗೆ ಸತ್ವ ಕಳಕೊಂಡು ಹರಿಯುತ್ತದೆ, ಇಲ್ಲವೇ ಫರಸಿ ಕಲ್ಲಿನ ಅಂಚಿಗೆ ಉಜ್ಜಿ ಹರಿಯುತ್ತದೆ. ಹಾಗಾಗಿ ಕೊಳ್ಳುವಾಗ ನಾನು ಮೊದಲು ಕೇಳುವುದು ಯಾವುದರಿಂದ ಮಾಡಿದ್ದು ಅಂತ. ಎಷ್ಟು ಕೆ.ಜಿ. ತಡೆಯುತ್ತದೆ ಅನ್ನುವ ಪ್ರಶ್ನೆ ಆಮೇಲಿನದು.

ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಹಳದಿ, ನೀಲಿ ಹುರಿ ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲೀನ್. ಅಗ್ಗ, ಹಗುರ, ನೀರು ಕುಡಿಯುವುದಿಲ್ಲ. ಆದರೆ ಬಿಸಿಲು ತಡೆಯುವುದಿಲ್ಲ. ಬೇಸಿಗೆ ಪೂರ್ತಿ ಮಾಳಿಗೆ ಮೇಲೆ ಬಿಟ್ಟರೆ ಮೇಲ್ಮೈ ಪುಡಿಯೇಳುತ್ತದೆ, ಎಳೆಗಳು ಕೈಗೆ ಚುಚ್ಚತೊಡಗುತ್ತವೆ. ನೈಲಾನ್ ಗಟ್ಟಿ, ಕೈಗೆ ಮೆದು. ಆದರೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನಷ್ಟು ಹಿಗ್ಗುತ್ತದೆ. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ಬಿಸಿಲಿನಲ್ಲಿ ಈ ಎರಡಕ್ಕಿಂತ ಹೆಚ್ಚು ಬಾಳುತ್ತದೆ. ಗುರುತು ಹಿಡಿಯುವುದು ಸುಲಭ: ಗೇಣುದ್ದದ ತುಂಡನ್ನು ಬಕೆಟ್ ನೀರಿನಲ್ಲಿ ಹಿಂಡಿ ಗಾಳಿ ಹೊರಗೆ ಹಾಕಿ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ.

ನನ್ನ ಬಹುಪಾಲು ಕೆಲಸ ನಡೆಯುವುದು 4 ಮಿ.ಮೀ. ದಪ್ಪದ ಪ್ಯಾರಾಕಾರ್ಡ್‌ನಲ್ಲಿ, ಅಂದರೆ ಮೊದಲು ಪ್ಯಾರಾಚೂಟಿಗೆಂದು ಮಾಡುತ್ತಿದ್ದ ನೈಲಾನ್ ಹಗ್ಗದಲ್ಲಿ. ಹೊರಗೆ ಹೆಣೆದ ಕವಚ, ಒಳಗೆ ಸಾಮಾನ್ಯವಾಗಿ 7 ಎಳೆ. ಅದರ ಮೇಲೆ ಬರೆದಿರುವ 550 ಅಂದರೆ ಪೌಂಡು, ಸುಮಾರು 249 ಕೆ.ಜಿ. ಈ ಅಂಕಿ ಹೊಸ, ಒಣ, ಗಂಟಿಲ್ಲದ ಹಗ್ಗವನ್ನು ನಿಧಾನವಾಗಿ ಎಳೆದಾಗಿನದು. ಗಂಟು ಬಿದ್ದ ಜಾಗದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಶಕ್ತಿ ಹೋಗುತ್ತದೆ. ಬಿಸಿಲು, ಉಜ್ಜಾಟ, ಜಗ್ಗಾಟ ಎಲ್ಲ ಸೇರಿಸಿ ನಾನು ಹತ್ತನೇ ಒಂದು ಪಾಲು, ಅಂದರೆ 25 ಕೆ.ಜಿ.ಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಕೊಂಡ ತಕ್ಷಣ ತುದಿ ಬಿಚ್ಚಿ ನೋಡಬೇಕು. ಒಳಗೆ ಹುರಿ ಮಾಡಿದ ಎಳೆಗಳ ಬದಲು ಸಡಿಲ ಹತ್ತಿಯಂಥದ್ದು ತುಂಬಿದ್ದರೆ ಅದು ಕಟ್ಟುವ ಹಗ್ಗವಲ್ಲ, ಅಲಂಕಾರದ್ದು.

ಬಟ್ಟೆ ಒಣಹಾಕುವ ಹಗ್ಗಕ್ಕೆ ಮಾತ್ರ ನಾನು ಪಾಲಿಯೆಸ್ಟರನ್ನೇ ಆರಿಸುತ್ತೇನೆ. ನೈಲಾನ್ ಆದರೆ ಒದ್ದೆ ಚಾದರ ಹಾಕಿದ ಕೂಡಲೇ ನೆಲಕ್ಕೆ ಇಳಿಯುತ್ತದೆ. ಇನ್ನು ಎಲ್ಲರೂ ಮಾಡುವುದು ಹಗ್ಗವನ್ನು ವೀಣೆ ತಂತಿಯಂತೆ ಬಿಗಿಯುವುದು. ಕೊಕ್ಕೆ ಕಿತ್ತುಬರುವುದು ಇದರಿಂದಲೇ. 6 ಮೀಟರ್ ಅಂತರದಲ್ಲಿ 12 ಕೆ.ಜಿ. ಒದ್ದೆ ಬಟ್ಟೆ ಸಮನಾಗಿ ಹರಡಿದೆ ಅನ್ನಿ. ನಡುವೆ ಹಗ್ಗ 15 ಸೆಂ.ಮೀ. ಜೋಲಿದ್ದರೆ ಪ್ರತಿ ಕೊಕ್ಕೆಯ ಮೇಲೆ ಸುಮಾರು 60 ಕೆ.ಜಿ. ಎಳೆತ ಬೀಳುತ್ತದೆ. 30 ಸೆಂ.ಮೀ. ಜೋಲಲು ಬಿಟ್ಟರೆ ಅದು 30 ಕೆ.ಜಿ.ಗೆ ಇಳಿಯುತ್ತದೆ. ನನ್ನ 25ರ ಲೆಕ್ಕ ಅದಕ್ಕೂ ಸಾಲದು. ಅದಕ್ಕೇ ಇಲ್ಲಿ 6 ಮಿ.ಮೀ. ಹಗ್ಗ ಹಾಕಿ, ಭಾರ ಹೊತ್ತಾಗ ಒಂದು ಮೊಳದಷ್ಟು ಜೋಲುವಂತೆ ಬಿಡುತ್ತೇನೆ. ಜಾಗ ಇದ್ದರೆ ನಡುವೆ ಒಂದು ಕವಲು ಕೋಲು ಊರಿದರೂ ಆಯಿತು.

ಕಟ್ಟುವ ಕ್ರಮ ಹೀಗಿದೆ. ಒಂದು ತುದಿಯನ್ನು ಕಬ್ಬಿಣದ ಕೊಕ್ಕೆಗೆ ಎರಡು ಪೂರ್ತಿ ಸುತ್ತು ಸುತ್ತಿ, ಎಳೆದ ಹಗ್ಗದ ಮೇಲೆ ಎರಡು ಅರ್ಧಗಂಟು. ಭಾರವನ್ನು ಸುತ್ತುಗಳೇ ಹೊರುತ್ತವೆ, ಗಂಟು ಬರೀ ಕಾವಲು. ಇನ್ನೊಂದು ಬದಿಗೆ ಲಾರಿಯವರು ತಾಡಪತ್ರಿ ಬಿಗಿಯುವ ಗಂಟು. ಕೊಕ್ಕೆಗೆ ಎರಡು ಮೊಳ ಹಿಂದೆ ಹಗ್ಗವನ್ನು ಮಡಚಿ, ಆ ಜೋಡಿ ಹಗ್ಗಕ್ಕೇ 8ರ ಆಕಾರದ ಗಂಟು ಹಾಕಿ ಬೆರಳು ತೂರುವಷ್ಟು ಕುಣಿಕೆ ಉಳಿಸಿ. ತುದಿಯನ್ನು ಕೊಕ್ಕೆಯ ಸುತ್ತ ತಂದು ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ಜಗ್ಗಿ. ಬೇಕಾದಷ್ಟು ಬಿಗಿಯಾದ ಮೇಲೆ ಕುಣಿಕೆಯ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಎರಡು ಅರ್ಧಗಂಟು ಹಾಕಿ. ಎರಡನೆಯದರಲ್ಲಿ ತುದಿಯನ್ನು ಪೂರ್ತಿ ಎಳೆಯದೆ ಮಡಚಿ ತೂರಿಸಿದರೆ ಜೀರುಗುಣಿಕೆ ಆಗುತ್ತದೆ, ಬಾಲ ಎಳೆದರೆ ಬಿಚ್ಚಿಕೊಳ್ಳುತ್ತದೆ. ಜಗ್ಗುವಾಗ ನಿಧಾನ ಇರಲಿ: ಒಂದೇ ಜಾಗದಲ್ಲಿ ಹಗ್ಗದ ಮೇಲೆ ಹಗ್ಗ ಸರ್ರನೆ ಉಜ್ಜಿದರೆ ಆ ಬಿಸಿಗೆ ನೈಲಾನ್ ಕರಗಿ ಗಾಯವಾಗುತ್ತದೆ.

ನೀರಿನ ಟ್ಯಾಂಕಿನ ಪಿವಿಸಿ ಪೈಪಿಗೆ, ಸೋಲಾರ್ ಪೈಪಿಗೆ ಹಗ್ಗ ಕಟ್ಟಲೇಬೇಡಿ. ಬಿಸಿಲಿಗೆ ಪೆಡಸಾದ ಪೈಪು ಹಗ್ಗಕ್ಕಿಂತ ಮೊದಲು ಮುರಿಯುತ್ತದೆ. ಕರೆಂಟಿನ ಕಂಬ, ವೈರುಗಳ ಸುದ್ದಿಗೂ ಹೋಗಬಾರದು. ಮಕ್ಕಳು ಓಡಾಡುವ ಮಾಳಿಗೆಯಾದರೆ ಸಣ್ಣ ಹಗ್ಗ ಸಂಜೆ ಕಣ್ಣಿಗೆ ಬೀಳುವುದಿಲ್ಲ, ನೇರ ಕುತ್ತಿಗೆಗೆ ಬರುತ್ತದೆ. ಮಾರಿಗೊಂದರಂತೆ ಬಣ್ಣದ ಅರಿವೆ ಚಿಂದಿ ಕಟ್ಟಿ.

ಬೇಸಿಗೆಯ ಹಸಿರು ನೆರಳು ಪರದೆಗೆ ಬೇರೆಯದೇ ತೊಂದರೆ: ಗಾಳಿ. ಮೇ ತಿಂಗಳ ಸಂಜೆ ಧೂಳೆದ್ದು ಗಾಳಿ ಬೀಸಿದರೆ ಪರದೆ ಹಾಯಿಯಂತೆ ಉಬ್ಬುತ್ತದೆ. ಮೊದಲು ಹರಿಯುವುದು ಮೂಲೆಯ ತೂತು. ಹಾಗಾಗಿ ಮೂಲೆಯಲ್ಲಿ ತೂತು ಬಳಸುವುದಿಲ್ಲ. ಆಡುವ ಗೋಲಿಯನ್ನೋ ನುಣ್ಣನೆಯ ಹರಳನ್ನೋ ಅಂಚಿನಿಂದ ನಾಲ್ಕು ಬೆರಳು ಒಳಗೆ ಪರದೆಯಲ್ಲಿ ಸುತ್ತಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯುತ್ತೇನೆ. ಎಳೆತ ಒಂದು ತೂತಿಗೆ ಬೀಳದೆ ಮಡಿಕೆಗೆಲ್ಲ ಹಂಚಿಹೋಗುತ್ತದೆ. ತಾಡಪತ್ರಿಗೂ ಇದೇ ಉಪಾಯ. ಅಂಚಿನುದ್ದಕ್ಕೂ ಒಂದು ಮೊಳಕ್ಕೊಂದು ಕಟ್ಟು ಸಾಕು.

ಪರದೆಯ ಹಗ್ಗಗಳನ್ನು ಸರಿಸಿ ಬಿಗಿ ಮಾಡಲು, ಸಡಿಲಿಸಲು ಬರಬೇಕು. ತುದಿಯನ್ನು ಕಂಬದ ಸುತ್ತ ತಂದು, ಎಳೆದ ಹಗ್ಗದ ಮೇಲೆ ಕಂಬದ ಕಡೆಗೆ ಸಾಗುವಂತೆ ಎರಡು ಸುತ್ತು ಹಾಕಿ. ಆಮೇಲೆ ಆ ಸುತ್ತುಗಳನ್ನು ದಾಟಿ ಪರದೆಯ ಬದಿಗೆ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ತೂರಿಸಿ. ಗಂಟನ್ನು ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಎಳೆತ ಬಿದ್ದಾಗ ಕಚ್ಚಿ ನಿಲ್ಲುತ್ತದೆ. ನೈಲಾನ್ ನುಣುಪಿದ್ದರೆ ಎರಡರ ಬದಲು ಮೂರು ಸುತ್ತು. ಗಾಳಿ ಬರುವ ದಿಕ್ಕಿನ ಎರಡು ಮೂಲೆಗಳಿಗೆ ಮಾತ್ರ ಜೀರುಗುಣಿಕೆ ಇಟ್ಟಿರುತ್ತೇನೆ. ಮೋಡ ಕಟ್ಟಿದ ಕೂಡಲೇ ಎರಡು ಬಾಲ ಎಳೆದರೆ ಪರದೆ ಬಿದ್ದುಬಿಡುತ್ತದೆ, ಕಂಬ ಉಳಿಯುತ್ತದೆ.

ಬೈಕಿನ ಮಾತು. ನೆಹರು ಗಂಜ್ ಮಾರುಕಟ್ಟೆಯಿಂದ 30 ಕೆ.ಜಿ. ತೊಗರಿಬೇಳೆ ಚೀಲ ತರಲು ಕೊಕ್ಕೆ ಇರುವ ರಬ್ಬರ್ ಪಟ್ಟಿಯನ್ನು ನಾನು ನಂಬುವುದಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ರಬ್ಬರ್ ಹಿಗ್ಗಿ ಚೀಲ ಇಂಚಿಂಚು ಸರಿಯುತ್ತದೆ. ಮೂರು ಮಾರು ಹಗ್ಗ ಸಾಕು. ಚೀಲವನ್ನು ಸೀಟಿನ ಮೇಲೆ ಅಡ್ಡ ಇಟ್ಟು, ಹಿಂದಿನ ಹಿಡಿಕೆಯ ಒಂದು ಬದಿಯಿಂದ ಶುರುಮಾಡಿ ಮೇಲೆ ಕತ್ತರಿಯಾಕಾರದಲ್ಲಿ ಹಾಯಿಸಿ, ಕೊನೆಗೆ ಅದೇ ಲಾರಿ ಗಂಟು. ಬೇಳೆ ಓಡಾಟಕ್ಕೆ ಕುಸಿದು ಕೂಡುತ್ತದೆ. ಒಂದು ಕಿಲೋಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಉಳಿದ ಬಾಲವನ್ನು ಕಟ್ಟಿದ ಹಗ್ಗಕ್ಕೇ ಸುತ್ತಿ ಸಿಕ್ಕಿಸಿ. ಜೋತುಬಿದ್ದ ಒಂದು ಮೊಳ ಬಾಲ ಚೈನಿಗೋ ಚಕ್ರದ ಕಡ್ಡಿಗೋ ಸಿಕ್ಕರೆ ಬೈಕು ಅಲ್ಲೇ ಕಚ್ಚಿ ನಿಂತು ಕೆಡವುತ್ತದೆ. ಸೈಲೆನ್ಸರ್‌ನಿಂದಲೂ ದೂರ ಇರಲಿ: ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೆ ಕರಗುತ್ತದೆ.

ಬಾಲ್ಕನಿಯಿಂದ ಬುಟ್ಟಿ ಇಳಿಸಿ ಕಾಯಿಪಲ್ಯ ತೆಗೆದುಕೊಳ್ಳುವವರಿಗೆ ಎರಡೇ ಮಾತು. ಇಳಿಸುವ ಮೊದಲು ಮೇಲಿನ ತುದಿ ಸರಳಿಗೆ ಕಟ್ಟಿರಲಿ. ಕುಂಬಿಯ ಅಂಚಿನಲ್ಲಿ, ಅದರಲ್ಲೂ ಕತ್ತರಿಸಿದ ಫರಸಿ ಹಾಸಿದ್ದರೆ, ಹಗ್ಗ ಹಾಯುವ ಜಾಗಕ್ಕೆ ಹಳೆ ಸೈಕಲ್ ಟ್ಯೂಬನ್ನು ಸೀಳಿ ಹೊದಿಸಿ. ಅಲ್ಲಿ ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ, ಶಹಾಬಾದ್ ಕಲ್ಲಿನ ಆ ಅಂಚು ಕವಚದ ನೂಲನ್ನು ಒಂದೊಂದಾಗಿ ಎತ್ತಿ ಕೊಯ್ಯುತ್ತದೆ. ಒಳಗಿನ ಬಿಳಿ ಎಳೆ ಕಂಡರೆ ಆ ಹಗ್ಗದ ಕೆಲಸ ಮುಗಿಯಿತು.

ಪಂಚಮಿ ಜೋಕಾಲಿಗೆ ಈ ಹಗ್ಗ ಬೇಡವೇ ಬೇಡ. 60 ಕೆ.ಜಿ.ಯವರು 60 ಡಿಗ್ರಿ ಎತ್ತರಕ್ಕೆ ಜೀಕಿದರೆ ಕೆಳಗೆ ಬರುವಾಗ ಎಳೆತ ದುಪ್ಪಟ್ಟಾಗಿ 120 ಕೆ.ಜಿ. ಆಗುತ್ತದೆ. ಎರಡು ಎಳೆ ಇದ್ದರೂ ಕೊಂಬೆಗೆ ಉಜ್ಜಿ ಒಂದು ಹರಿದರೆ ಪೂರ್ತಿ ಭಾರ ಇನ್ನೊಂದರ ಗಂಟಿನ ಮೇಲೆ. ಸಣ್ಣ ಹಗ್ಗ ಅಂಗೈಯನ್ನೂ ಕೊಯ್ಯುತ್ತದೆ. ಅದಕ್ಕೆ ಹೆಬ್ಬೆರಳು ಗಾತ್ರದ ಹಗ್ಗವೇ ಆಗಬೇಕು. ಕೆಟ್ಟುನಿಂತ ಗಾಡಿ ಎಳೆಯುವುದಕ್ಕೂ, ಮನುಷ್ಯರು ಇಳಿಯುವುದಕ್ಕೂ ಇದೇ ಮಾತು.

ತುಂಡು ಮಾಡುವಾಗ ಕೊಯ್ಯುವ ಜಾಗಕ್ಕೆ ಟೇಪು ಸುತ್ತಿ ನಡುವೆ ಕತ್ತರಿಸಿ, ತುದಿಯನ್ನು ಲೈಟರಿನ ನೀಲಿ ಉರಿಯ ಪಕ್ಕ ಎರಡು ಮೂರು ಸೆಕೆಂಡು ಹಿಡಿದು ಒದ್ದೆ ಚಮಚದ ಬೆನ್ನಿಗೆ ಒತ್ತಿ. ಬೆರಳಲ್ಲಿ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಹತ್ತಿ ಹಗ್ಗ, ಪುಂಡಿನಾರಿನ ಹಗ್ಗ ಕರಗುವುದಿಲ್ಲ. ಅವುಗಳ ತುದಿಗೆ ದಾರ ಬಿಗಿಯಾಗಿ ಸುತ್ತಬೇಕು. ಉಳಿದ ಗೇಣುದ್ದದ ತುಂಡುಗಳನ್ನು ನಾನು ಎಸೆಯುವುದಿಲ್ಲ, ಮುರಿದ ಬ್ಯಾಗಿನ ಜಿಪ್ಪಿಗೆ ಹಿಡಿಕೆ ಆಗುತ್ತವೆ.

ಹಗ್ಗವನ್ನು ಮೊಣಕೈಗೆ ಸುತ್ತಿಟ್ಟರೆ ಹುರಿ ಏರಿ ಸಿಕ್ಕಾಗುತ್ತದೆ. ಹೆಬ್ಬೆರಳು, ಕಿರುಬೆರಳ ನಡುವೆ 8ರಂತೆ ಸುತ್ತಿ ನಡುವೆ ಕಟ್ಟಿ, ಉದ್ದ ಬರೆದ ಟೇಪು ಅಂಟಿಸಿ ನೆರಳಲ್ಲಿಡಿ. ಮಾಳಿಗೆ ಮೇಲಿನ ಹಗ್ಗವನ್ನು ಯುಗಾದಿಗೊಮ್ಮೆ ಉಗುರಿನಿಂದ ಕೆರೆದು ನೋಡುತ್ತೇನೆ. ಉಗುರಿಗೆ ಪುಡಿ ಹತ್ತಿದರೆ ಅದೇ ದಿನ ಬದಲಿಸುತ್ತೇನೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಸರಿ.