ಅಮ್ಮನ ನೋವಿನ ಮದ್ದು: ಬಿಲ್ ಇಳಿಸಿದ ನನ್ನ ಲೆಕ್ಕ

ಸರ್ಪಸುತ್ತು ಒಣಗಿದ ಮೇಲೂ ಅಮ್ಮನಿಗೆ ನರದ ನೋವು ಬಿಡಲಿಲ್ಲ. ನರದ ನೋವಿನ ಪ್ರಿಗ್ಯಾಬಲಿನ್ 75 ಎಂಜಿ ದಿನಕ್ಕೆರಡು, ನೋವು ಜೋರಾದರೆ ಟ್ರಮಡಾಲ್, ಜೊತೆಗೆ ಗ್ಯಾಸಿನ ಮಾತ್ರೆ. ತಿಂಗಳಿಗೆ ಎರಡು ಸಾವಿರದ ಮೇಲೆ ಮೆಡಿಕಲ್‌ಗೆ ಹೋಗುತ್ತಿತ್ತು. ಈಗ ಎಂಟುನೂರರ ಆಸುಪಾಸು. "ಅದೆಲ್ಲ ಆಗುವುದಲ್ಲ ಮಾರಾಯ" ಎಂದಿದ್ದ ಭಾವ ಈಗ ತಮ್ಮ ಚೀಟಿಯನ್ನೂ ನನಗೇ ವಾಟ್ಸಾಪ್ ಮಾಡುತ್ತಾರೆ!

ಮೊದಲು ಡಿಸ್ಕೌಂಟ್ ಬೋರ್ಡ್ ಹಿಂದೆ ಬಿದ್ದೆ. ಮಂಗಳೂರಿನ ಕಂಕನಾಡಿಯಿಂದ ಹಂಪನಕಟ್ಟೆವರೆಗೆ ಸುತ್ತಿದೆ. ಒಂದು ಕಡೆ 10 ಶೇಕಡಾ, ಇನ್ನೊಂದು ಕಡೆ 20. ಆದರೆ 20 ಕೊಟ್ಟವರ ಬಿಲ್ಲೇ ಜಾಸ್ತಿ ಬಂತು. ಯಾಕೆಂದರೆ ಅವರಲ್ಲಿದ್ದ ಬ್ರ್ಯಾಂಡಿನ ಎಂಆರ್‌ಪಿಯೇ ಎತ್ತರದಲ್ಲಿತ್ತು. ಹೋಲ್‌ಸೇಲ್‌ನವರು ಡ್ರಗ್ ಲೈಸೆನ್ಸ್ ಕೇಳಿದರು. ಆನ್‌ಲೈನ್‌ನಲ್ಲಿ ಟ್ರಮಡಾಲ್ ಸಿಗಲಿಲ್ಲ, ಬೇರೆ ಮದ್ದಿನಲ್ಲಿ ಉಳಿಸಿದ ದುಡ್ಡು ಡೆಲಿವರಿ ಚಾರ್ಜಿಗೆ ಸರಿಹೋಯಿತು.

ಆಮೇಲೆ ಹೆಸರು, ಡಿಸ್ಕೌಂಟ್ ಎರಡನ್ನೂ ಬಿಟ್ಟು ಒಂದು ಪುಸ್ತಕದಲ್ಲಿ ನಾಲ್ಕೇ ಕಾಲಂ ಹಾಕಿದೆ: ಸಾಲ್ಟ್ (ಬ್ರ್ಯಾಂಡ್ ಅಲ್ಲ, ಒಳಗಿರುವ ಮದ್ದಿನ ಹೆಸರು), ಎಂಜಿ, ಸ್ಟ್ರಿಪ್‌ನಲ್ಲಿ ಎಷ್ಟು, ಒಂದಕ್ಕೆ ಎಷ್ಟು. ಸ್ಟ್ರಿಪ್‌ನಲ್ಲಿ 10 ಇರುತ್ತದೆ, 14 ಇರುತ್ತದೆ, 15 ಇರುತ್ತದೆ, ಕಣ್ಣಿಗೆ ಮಣ್ಣು ಬೀಳುವುದು ಅಲ್ಲೇ. ಅದೇ ಪ್ರಿಗ್ಯಾಬಲಿನ್ ಒಂದು ಕಡೆ ಎಂಟು ರೂಪಾಯಿ, ಮಿಥೈಲ್‌ಕೋಬಾಲಮಿನ್ ಎಂಬ ಬಿ12 ವಿಟಮಿನ್ ಸೇರಿದ್ದು ಇಪ್ಪತ್ತು. ಸರ್ಕಾರದ ಜನೌಷಧಿ ಕೇಂದ್ರದಲ್ಲಿ ಬರೀ ಪ್ರಿಗ್ಯಾಬಲಿನ್ ಅದಕ್ಕಿಂತಲೂ ಎಷ್ಟೋ ಕಡಿಮೆ.

ಆದರೆ ಚೀಟಿಯಲ್ಲಿ ಬ್ರ್ಯಾಂಡ್ ಇದ್ದರೆ ಅಂಗಡಿಯವರು ತಾವಾಗಿ ಬದಲಿಸುವ ಹಾಗಿಲ್ಲ. ಹಾಗಾಗಿ ಪುಸ್ತಕ ಹಿಡಿದು ಡಾಕ್ಟರ ಹತ್ತಿರವೇ ಹೋದೆ. "ಸಾಲ್ಟ್ ಹೆಸರಲ್ಲಿ ಬರೆದುಕೊಡ್ತೀರಾ ಡಾಕ್ಟ್ರೇ?" ಮುಖ ಸ್ವಲ್ಪ ಗಂಟಾಯಿತು. ಆಮೇಲೆ ಬಿ12 ರಿಪೋರ್ಟ್ ನೋಡಿ, ವಿಟಮಿನ್ ಬೇಡವೇ ಬೇಡ ಎಂದು ಅವರೇ ಹೊಡೆದುಹಾಕಿದರು. ದೊಡ್ಡ ಉಳಿತಾಯ ಅದೇ. ಎಸ್‌ಆರ್ (ನಿಧಾನಕ್ಕೆ ಮದ್ದು ಬಿಡುವ ನಮೂನೆ) ಎಂದು ಬರೆದಿದ್ದರೆ ಮಾತ್ರ ಸಾದಾ ಕ್ಯಾಪ್ಸೂಲ್‌ಗೆ ನೀವೇ ಬದಲಿಸಬೇಡಿ, ಅದರ ಕೆಲಸದ ರೀತಿ ಬೇರೆ.

ಜನೌಷಧಿಯ ಕಷ್ಟ ಸ್ಟಾಕಿನದ್ದು. ಅವರದೇ ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಅಂಗಡಿ, ಬೆಲೆ ಎರಡೂ ಸಿಗುತ್ತದೆ, ಆದರೆ ಹೋದರೆ "ಖಾಲಿ" ಎನ್ನುವುದುಂಟು. ಪ್ರಿಗ್ಯಾಬಲಿನ್ ಒಮ್ಮೆಲೇ ನಿಲ್ಲಿಸುವ ಮದ್ದಲ್ಲ, ಹಾಗಾಗಿ ಹದಿನೈದು ದಿನದ್ದು ಯಾವಾಗಲೂ ಮನೆಯಲ್ಲಿ ಮುಂಗಡ ಇಟ್ಟಿರುತ್ತೇನೆ. ಯಾವ ಕೇಂದ್ರಕ್ಕೆ ಯಾವತ್ತು ಸ್ಟಾಕ್ ಬರುತ್ತದೆ, ನನ್ನದನ್ನು ಹೇಗೆ ಎತ್ತಿಡಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನನಗೇ ಸಿಗಲಿಕ್ಕಿಲ್ಲ.

ಟ್ರಮಡಾಲ್‌ನಲ್ಲಿ ಏನೂ ಉಳಿಯಲಿಲ್ಲ. 2018ರಿಂದ ಅದು ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆಯ ಒಳಗೆ ಬಂದಿದೆ. ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು, ಹಳೇ ಚೀಟಿ ನಡೆಯುವುದಿಲ್ಲ. ಅವರ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ.

ಬಿಲ್ ಮಾತ್ರ ಓದಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಮದ್ದುಗಳ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು. ಹಳೇ ಸ್ಟ್ರಿಪ್‌ನ ಮೇಲೆ ಹಳೇ ದರವೇ ಅಚ್ಚಾಗಿತ್ತು. ಕೇಳಿದಾಗ ಕಡಿಮೆ ಮಾಡಿಕೊಟ್ಟರು, ಸುಮ್ನೆ ನಿಂತಾಗ ಇಲ್ಲ. ಇನ್ನು, ಸರ್ಕಾರ ದರ ಕಟ್ಟದ ಮದ್ದುಗಳ ಎಂಆರ್‌ಪಿಯನ್ನು ಕಂಪನಿಗಳು ವರ್ಷಕ್ಕೆ 10 ಶೇಕಡಾವರೆಗೆ ಏರಿಸಬಹುದು. ಹಾಗಾಗಿ ಪುಸ್ತಕವನ್ನು ಆಗಾಗ ತಿದ್ದಬೇಕು.

ಇದೇ ಹುಚ್ಚಿನಲ್ಲಿ ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್‌ಗೂ ಗ್ರಾಂ ಲೆಕ್ಕ ಹಾಕಿದೆ. ಮೂರನೇ ಒಂದು ಪಾಲು ದರಕ್ಕೆ ಒಂದು ಟ್ಯೂಬ್ ಸಿಕ್ಕಿತು. ಅಮ್ಮನಿಗೆ ಅದರ ವಾಸನೆ ಆಗುವುದಿಲ್ಲವಂತೆ. ಹಳೇ ಜೆಲ್ಲೇ ಬರುತ್ತಿದೆ.