ಕೀಲಿಕೈಗೆ ತಾಮ್ರದ ಲೇಪನ: ಕೆಡುವುದು ಅವಸರದಿಂದಲೇ

ಕೀಲಿಕೈಯನ್ನು ತಾಮ್ರದ ಲವಣದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅದರ ಮೇಲೆ ತಾಮ್ರ ಕೂರಿಸುವ ಪ್ರಯೋಗ ಇದು. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಇದು ಕೆಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ನೀಲಿ ದ್ರಾವಣದಿಂದ ಮೇಲೆತ್ತಿದ ಕೀಲಿಕೈಯ ಮೇಲೆ ತಾಮ್ರದ ಹೊಳಪಿನ ಬದಲು ಕಾಫಿ ಚರಟದಂಥ ಕಪ್ಪು ಪುಡಿ ಕೂತಿರುತ್ತದೆ. ಬಟ್ಟೆ ಸೋಕಿದರೆ ಅದೂ ಉದುರುತ್ತದೆ.

ಮೊದಲು ವಸ್ತುವನ್ನು ಆರಿಸಿಕೊಳ್ಳಿ. ಕಬ್ಬಿಣ ಬೇಡವೇ ಬೇಡ. ಅದು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ, ತಂತಿ ಜೋಡಿಸುವ ಮೊದಲೇ ತಾಮ್ರ ಅದರ ಮೇಲೆ ಸಡಿಲವಾಗಿ ಕೂತುಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಲೇಪನ ಕಚ್ಚಿಕೊಳ್ಳುವುದಿಲ್ಲ. ಹಳೆಯ ಹಿತ್ತಾಳೆಯ ಕೀಲಿಕೈಯೇ ಉತ್ತಮ. ಅಯಸ್ಕಾಂತಕ್ಕೆ ಅಂಟಿದರೆ ಅದು ಹಿತ್ತಾಳೆಯಲ್ಲ, ಬರೀ ಬಣ್ಣ. ಅಂಗಡಿಯಲ್ಲಿ ಫಳಫಳ ಹೊಳೆಯುವ ಅಲಂಕಾರದ ವಸ್ತುಗಳಿಗೆ ಮೆರುಗೆಣ್ಣೆ ಬಳಿದಿರುವುದುಂಟು, ಅವುಗಳಲ್ಲಿ ವಿದ್ಯುತ್ ಹರಿಯುವುದೇ ಇಲ್ಲ.

ಇನ್ನು ತೊಳೆಯುವುದು. ಇಲ್ಲಿ ಅವಸರ ಮಾಡಿದವರ ಲೇಪನ ಎದ್ದುಬರುವುದು ಖಂಡಿತ. ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜಿದರೆ ಕಿಲುಬು ಹೋಗುತ್ತದೆ, ಆದರೆ ಬೆರಳಿನ ಜಿಡ್ಡು ಹೋಗುವುದಿಲ್ಲ. ಆದ್ದರಿಂದ ಪಾತ್ರೆ ತೊಳೆಯುವ ಸಾಬೂನು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿಕೈಯ ಹಲ್ಲುಗಳ ಸಂದಿಯನ್ನೂ ಬಿಡದೆ ತಿಕ್ಕಿ, ಧಾರೆ ನೀರಿನಲ್ಲಿ ತೊಳೆದು, ಕೀಲಿಕೈಯನ್ನು ಓರೆಯಾಗಿ ಹಿಡಿದು ನೋಡಿ. ನೀರು ಒಂದೇ ತೆಳು ಹಾಳೆಯಂತೆ ಹರಡಿಕೊಂಡಿದ್ದರೆ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಜಾರಿದರೆ ಜಿಡ್ಡು ಉಳಿದಿದೆ ಎಂದೇ ಅರ್ಥ, ಮತ್ತೆ ತಿಕ್ಕಬೇಕು. ಆಮೇಲೆ ಬರಿಗೈಯಿಂದ ಮುಟ್ಟಬಾರದು; ತುದಿಯ ತೂತಿಗೆ ಸಿಕ್ಕಿಸಿದ ತಂತಿಯನ್ನಷ್ಟೇ ಹಿಡಿಯಬೇಕು.

ಗಾಜಿನ ಲೋಟದಲ್ಲಿ ಅರ್ಧ ಲೀಟರ್ ಭಟ್ಟಿ ಇಳಿಸಿದ ನೀರಿಗೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ, ಒಂದು ಚಮಚ ಬಿಳಿ ವಿನೆಗರ್ ಸೇರಿಸಿ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತದ ಹರಳು ಸಾಕು, ಆದರೆ ಸುಣ್ಣ ಬೆರೆತ ಸಿದ್ಧ ಪುಡಿ ಇದಕ್ಕೆ ಬರುವುದಿಲ್ಲ. ಕೈಗವಸು ತೊಡಲೇಬೇಕು, ಮಕ್ಕಳ ಜೊತೆ ಹಿರಿಯರು ಇರಲೇಬೇಕು.

ಮನೆಯ ವೈರಿಂಗಿನ ತಂತಿಯ ಪ್ಲಾಸ್ಟಿಕ್ ಸುಲಿದು, ಒಳಗಿನ ತಾಮ್ರವನ್ನು ಸುರುಳಿ ಸುತ್ತಿ, ದ್ರಾವಣದಲ್ಲಿ ಇಳಿಬಿಟ್ಟು ಬ್ಯಾಟರಿಯ ಧನ ಧ್ರುವಕ್ಕೆ ಜೋಡಿಸಿ. ಕೀಲಿಕೈ ಋಣ ಧ್ರುವಕ್ಕೆ. ಸಂಪರ್ಕ ಕೊಟ್ಟ ಮೇಲೆಯೇ ಕೀಲಿಕೈಯನ್ನು ಇಳಿಸಿ, ಎರಡೂ ಒಂದಕ್ಕೊಂದು ತಾಗದಿರಲಿ.

1.5 ವೋಲ್ಟಿನ ಒಂದೇ ಸೆಲ್ ಸಾಕು. ಬೇಗ ಮುಗಿಯಲೆಂದು 9 ವೋಲ್ಟಿನ ಬ್ಯಾಟರಿಯನ್ನೋ ಮೊಬೈಲ್ ಚಾರ್ಜರನ್ನೋ ಜೋಡಿಸುವುದರಿಂದಲೇ ಆ ಕಪ್ಪು ಪುಡಿ ಬರುವುದು: ತಾಮ್ರದ ಅಯಾನುಗಳು (ದ್ರಾವಣದಲ್ಲಿರುವ, ವಿದ್ಯುದಂಶ ಹೊತ್ತ ಕಣಗಳು) ಮೇಲ್ಮೈಗೆ ಬಂದು ಸೇರುವ ವೇಗವನ್ನು ವಿದ್ಯುತ್ತು ಮೀರಿದಾಗ, ಲೋಹ ಒತ್ತಾಗಿ ಕೂರದೆ ಬುರುಗಾಗುತ್ತದೆ. ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದರೆ ಚೆನ್ನ. ವಿದ್ಯುತ್ತು ಅಳೆಯುವ ಮಲ್ಟಿಮೀಟರಿನಲ್ಲಿ ಹೆಚ್ಚು ಕಂಡರೆ ಸುರುಳಿಯನ್ನು ದೂರ ಸರಿಸಿ. 0.1 ಆಂಪಿಯರ್ ಅರ್ಧ ಗಂಟೆ ಹರಿದರೆ (ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಲೋಹ ಕೂರುತ್ತದೆ ಎನ್ನುವ) ಫ್ಯಾರಡೆಯ ನಿಯಮದಂತೆ ಕೂರುವ ತಾಮ್ರ ಸುಮಾರು 0.06 ಗ್ರಾಂ ಮಾತ್ರ, ಆದರೂ ಕೀಲಿಕೈ ಪೂರ್ತಿ ನಸುಗೆಂಪಾಗಲು ಅಷ್ಟೇ ಸಾಕು. ಐದೈದು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಿ. ಸುರುಳಿಗೆ ಎದುರಾದ ಮುಖವೇ ಹೆಚ್ಚು ಲೇಪನ ಪಡೆಯುತ್ತದೆ.

ತೊಳೆದು, ಒರೆಸಿ ಒಣಗಿಸಿ. ಊಟದ ಚಮಚಗಳಿಗೆ ಈ ಲೇಪನ ಮಾಡಬೇಡಿ. ದ್ರಾವಣವನ್ನು ಮೋರಿಗಾಗಲಿ ಕೆರೆಗಾಗಲಿ ಚೆಲ್ಲಬೇಡಿ, ಮೈಲುತುತ್ತ ಮೀನುಗಳಿಗೆ ವಿಷ. ಕೀಲಿಕೈಗೆ ಕೂತಷ್ಟು ತಾಮ್ರವನ್ನು ಸುರುಳಿ ಕರಗಿ ತುಂಬಿಕೊಡುವುದರಿಂದ ದ್ರಾವಣ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಹೆಸರು ಬರೆದ ಚೀಟಿ ಅಂಟಿಸಿದ ಬಾಟಲಿಯಲ್ಲಿ, ಅಡುಗೆಮನೆಯಿಂದ ದೂರ ಬೀಗ ಹಾಕಿಡಿ.