ಹಗಲು ಮೋಟಾರು, ರಾತ್ರಿ ಬೇಸ್ ಗಿಟಾರು

ಬಂಗಾರಪೇಟೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳನ್ನು ನಂಬಿಕೊಂಡೇ ಬೆಳೆ ಇಡುತ್ತಾರೆ. ಬೇಸಿಗೆ ಬಂತೆಂದರೆ ಸುಟ್ಟ ಮೋಟಾರುಗಳು ಅಂಗಡಿ ಮುಂದೆ ಸಾಲಾಗಿ ಕೂತಿರುತ್ತವೆ. ಹಗಲು ಆ ಕೆಲಸ. ರಾತ್ರಿ ಪ್ರೋಗ್ರಾಂ ಇದ್ದರೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್, ಅಂದರೆ ಹಾಡಿನ ತಳದ ದಪ್ಪ ಸ್ವರಗಳನ್ನು ನುಡಿಸುವ ನಾಲ್ಕು ತಂತಿಯ ಗಿಟಾರು. 1984ರಿಂದ ಹೀಗೇ ನಡೆದುಬಂದಿದೆ. ನಡುವೆ ಆರು ವರ್ಷ ಮಾತ್ರ ಗಿಟಾರ್ ಮುಟ್ಟಿರಲಿಲ್ಲ. ಅದನ್ನೂ ಹೇಳುತ್ತೇನೆ.

ನಾನು ಕಲಿತದ್ದು ಟೂ-ಇನ್-ಒನ್ ಮುಂದೆ ಕೂತು, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಪೆಟ್ಟಿಗೆ. ಟ್ರೆಬಲ್ ಅಂದರೆ ಮೇಲಿನ ತೆಳು ಸದ್ದನ್ನು ಪೂರ್ತಿ ಇಳಿಸಿ, ಸ್ಪೀಕರಿಗೆ ಕಿವಿ ಹಚ್ಚಿ, ಒಂದೇ ಸಾಲನ್ನು ಹತ್ತು ಸಲ ತಿರುಗಿಸಿ ಕೇಳುವುದು. ಮೊದಲ ವಾರ ಹಾಡುವವರ ದನಿ ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಆಮೇಲೊಂದು ದಿನ ದನಿಯ ಕೆಳಗೆ ದಪ್ಪಗೆ ಏನೋ ನಡೆದಾಡುವುದು ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಕೇಳಿಸದೇ ಇರುವುದು ಸಾಧ್ಯವೇ ಇಲ್ಲ. ಇನ್ನೊಂದು ಕಷ್ಟ ಇತ್ತು. ಸೆಲ್ ವೀಕ್ ಆದರೆ ಕ್ಯಾಸೆಟ್ ನಿಧಾನ ಓಡಿ ಶ್ರುತಿ ಇಳಿಯುತ್ತಿತ್ತು. ನಿನ್ನೆ ಸರಿಯಾಗಿ ಕೂತ ಸ್ವರ ಇವತ್ತು ಕೂರುತ್ತಿರಲಿಲ್ಲ. ತಪ್ಪು ನನ್ನ ಬೆರಳಿನದೇ ಎಂದುಕೊಂಡು ಗುಳ್ಳೆ ಬರುವವರೆಗೆ ಒತ್ತಿದ್ದೇನೆ. ಕಾರಣ ಗೊತ್ತಾದ ಮೇಲೆ ಮೊದಲು ಕ್ಯಾಸೆಟ್ಟಿನ ಶ್ರುತಿಗೆ ತಂತಿ ಕೂಡಿಸಿಕೊಂಡು, ಆಮೇಲೆ ಶುರು ಮಾಡುತ್ತಿದ್ದೆ. ಕಿವಿ ತಯಾರಾದದ್ದು ಅದರಿಂದಲೇ.

ನಿಜವಾದ ಗುರು ಸಿಕ್ಕಿದ್ದು ಕೆಜಿಎಫ್‌ನಲ್ಲಿ. ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲೋ-ಇಂಡಿಯನ್ ಒಬ್ಬರು. ಕ್ಲಬ್ಬಿನ ಡಾನ್ಸ್ ರಾತ್ರಿಗಳಿಗೆ ಬೇಸ್ ನುಡಿಸಿದವರು. ನಾವೆಲ್ಲ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆವು. ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಅವರ ಮನೆಗೆ ನಡೆದು ಹೋಗುತ್ತಿದ್ದೆ. ತಮಿಳು, ಕನ್ನಡ, ಇಂಗ್ಲಿಷ್ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಮೊದಲ ದಿನವೇ ಹೇಳಿದರು: "ತಂಬಿ, ನಿನ್ ಕೈ ನೋಡ್ಬೇಡ. ಹಾಡೋರ ಬಾಯಿ ನೋಡು. ಅವರು ಉಸಿರು ತಗೊಳ್ಳುವಾಗ ನೀನು ಸುಮ್ನಿರು."

ಅವರ ಮನೆಯಲ್ಲೇ ನಾನು ಜೇಮ್ಸ್ ಜೇಮರ್ಸನ್ ಹೆಸರು ಕೇಳಿದ್ದು. ಅಮೆರಿಕದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ ಮಹಾನುಭಾವ. ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟುತ್ತಿದ್ದರು. ತಂತಿ ಬದಲಾಯಿಸುವ ಅಭ್ಯಾಸವೂ ಇರಲಿಲ್ಲವಂತೆ, ತುಂಡಾದರೆ ಮಾತ್ರ ಹೊಸದು. ಹತ್ತು ವರ್ಷಕ್ಕೂ ಮೇಲೆ ನುಡಿಸಿದ ಮೇಲೆ, 1971ರಲ್ಲಿ ಆ ಕಂಪನಿಯ ರೆಕಾರ್ಡಿನ ಕವರ್ ಮೇಲೆ ಅವರ ಹೆಸರು ಬಂತು. ಆ ಮಾತು ಹೇಳುವಾಗ ಅಂಕಲ್ ಟೇಪ್ ನಿಲ್ಲಿಸಿಬಿಡುತ್ತಿದ್ದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು.

ಮೊದಲ ಪ್ರೋಗ್ರಾಂ ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿಯ ಗಣೇಶನ ಹಬ್ಬ. ಆಗ ಹಳ್ಳಿಗಳಲ್ಲಿ ಮರಕ್ಕೆ ಕಟ್ಟಿದ ಹಾರನ್ ಸ್ಪೀಕರುಗಳೇ. ಬೇಸಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹಾರನ್ನಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ಶಕ್ತಿ ಇಲ್ಲ. ಸ್ಟೇಜಿನ ಮೇಲೆ ನನಗೆ ಚೆನ್ನಾಗಿ ಕೇಳುತ್ತಿತ್ತು. ಬೇವಿನ ಮರದ ಕೆಳಗೆ ಕೂತಿದ್ದ ಅಜ್ಜಂದಿರಿಗೆ ಏನೂ ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ಒಬ್ಬರು ಬಂದು "ಆ ನಾಲ್ಕು ತಂತಿದು ಯಾತಕ್ಕಪ್ಪಾ, ಸದ್ದೇ ಬರಲಿಲ್ಲವಲ್ಲ" ಎಂದು ಅಕ್ಕರೆಯಿಂದಲೇ ಕೇಳಿದರು. ಆ ರಾತ್ರಿಯಿಂದ ಹಾರನ್ ಕಂಡರೆ ನಾನು ಮುಖ್ಯ ಸ್ವರಗಳನ್ನು ಒಂದು ಸ್ಥಾಯಿ ಮೇಲೆ ನುಡಿಸತೊಡಗಿದೆ. ದಪ್ಪ ಕಡಿಮೆಯಾದರೂ ನಡೆ ಕೇಳುತ್ತದೆ. ಈಗ ಎಲ್ಲರೂ ಫೋನಿನಲ್ಲಿ ಹಾಡು ಕೇಳುತ್ತಾರೆ. ಅದೂ ಹಾರನ್ನಿನ ಅಣ್ಣತಮ್ಮನೇ. ಹಾಗಾಗಿ ಆ ಹಳೆಯ ಪಾಠ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಕರೆಂಟಿನ ವಿಷಯ ಒಂದು ಮಾತು. ಹೊಸಬರು ಇದನ್ನು ದಯವಿಟ್ಟು ನೆನಪಿಡಿ. ಹಳ್ಳಿ ಸ್ಟೇಜಿನಲ್ಲಿ ಅರ್ತಿಂಗ್ ಇರುವುದು ಅಪರೂಪ. ಕೈಯಲ್ಲಿ ಗಿಟಾರ್ ಇದ್ದು ತುಟಿ ಮೈಕಿಗೆ ತಾಗಿದರೆ ಹೊಡೆಯುತ್ತದೆ. ಜೀವಕ್ಕೇ ಅಪಾಯ. ನಾನು ಟೆಸ್ಟರ್ ಇಲ್ಲದೆ ಮನೆ ಬಿಡುವುದಿಲ್ಲ. ಮೊದಲು ತಂತಿ, ಆಮೇಲೆ ಮೈಕಿನ ಜಾಲರಿ, ಎರಡನ್ನೂ ಮುಟ್ಟಿಸಿ ನೋಡುತ್ತೇನೆ. ದೀಪ ಉರಿದರೆ ಲೈನ್ ಸರಿಮಾಡುವವರೆಗೆ ಯಾರನ್ನೂ ಹಾಡಲು ಬಿಡುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ನುಡಿಸುವವರಿಗೆ ಮೂರು ಭಾಷೆಯ ಹಾಡು ಬೇಕೇ ಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಕೇಳುತ್ತಾರೆ. ಕೆಜಿಎಫ್‌ನಲ್ಲಿ ತಮಿಳು ಇಲ್ಲದೆ ಇಳಿಯಲು ಬಿಡುವುದಿಲ್ಲ. ಎಲ್ಲ ಕಡೆಯೂ ಕನ್ನಡ. ಶಿವರಾತ್ರಿ ಜಾಗರಣೆಗೆ ರಾತ್ರಿ ಹತ್ತಕ್ಕೆ ಹತ್ತಿದರೆ ಇಳಿಯುವುದು ಬೆಳಗಿನ ಜಾವ. ಅಷ್ಟು ಹೊತ್ತಿನಲ್ಲಿ ಕೈಗಿಂತ ಮೊದಲು ದಣಿಯುವುದು ತಲೆ. ಯಾಕೆಂದರೆ ಹಾಡುವವರು ಬದಲಾದ ಹಾಗೆ ಶ್ರುತಿ ಬದಲಾಗುತ್ತದೆ. "ಅರ್ಧ ಇಳಿಸಿ ಅಣ್ಣಾ" ಅಂತಾರೆ, ಅಂದರೆ ಶ್ರುತಿ ಅರ್ಧ ಸ್ವರ ಕೆಳಗೆ. ಕೀಬೋರ್ಡಿನವರು ಶ್ರುತಿಯನ್ನು ತಾನೇ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಬೆರಳು ಇದ್ದ ಮನೆಯಲ್ಲೇ ಇಟ್ಟು ನುಡಿಸುತ್ತಾರೆ. ಬೇಸಿನವನಿಗೆ ಆ ಬಟನ್ ಇಲ್ಲ. ಇಡೀ ಹಾಡನ್ನು ಮನಸ್ಸಿನಲ್ಲೇ ಒಂದು ಮನೆ ಹಿಂದಕ್ಕೆ ತಳ್ಳಬೇಕು. ಕೀಬೋರ್ಡಿನವರ ಕೈ ನೋಡಿದರೆ ಕೆಟ್ಟೆವು, ಅಲ್ಲಿ ಕಾಣುವುದೇ ಬೇರೆ, ಕೇಳುವುದೇ ಬೇರೆ. ನಾನು ಹಾಡುಗಳನ್ನು ಸ್ವರದ ಹೆಸರಿನಿಂದ ನೆನಪಿಡುವುದಿಲ್ಲ. ಸಾ ಎಲ್ಲಿದೆ, ಅಲ್ಲಿಂದ ಎಷ್ಟು ಹೆಜ್ಜೆ, ಅಷ್ಟೇ.

1997ರಲ್ಲಿ ಆರ್ಕೆಸ್ಟ್ರಾದವರು ನನ್ನನ್ನು ಕೈಬಿಟ್ಟರು. ಕೀಬೋರ್ಡಿನ ಎಡಗೈಯಲ್ಲೇ ಬೇಸ್ ಬರುತ್ತದೆ, ಒಬ್ಬರ ಪೇಮೆಂಟ್ ಉಳಿಯುತ್ತದೆ ಎಂದರು. ಹದಿಮೂರು ವರ್ಷ ಒಂದೇ ಟೆಂಪೋದಲ್ಲಿ ಹೋಗಿಬಂದವರು. ಜಗಳ ಮಾಡಲಿಲ್ಲ, ಆದರೆ ತುಂಬಾ ನೊಂದುಕೊಂಡೆ. ಇದ್ದ ಗಿಟಾರ್ ಮಾರಿದೆ. ದಾರಿಯಲ್ಲಿ ಪೆಂಡಾಲ್ ಕಂಡರೆ ಬೇರೆ ರಸ್ತೆ ಹಿಡಿಯುತ್ತಿದ್ದೆ.

2001ರಲ್ಲಿ ಗಣಿ ಮುಚ್ಚಿತು. ಎರಡು ವರ್ಷ ಕಳೆದ ಮೇಲೆ ಅಂಕಲ್ ಮಗಳ ಊರಿಗೆ ಹೊರಟರು. ಹೊರಡುವ ಮುಂಚೆ ಅಂಗಡಿಗೆ ಬಂದು ತಮ್ಮ ಬೇಸನ್ನು ಬೆಂಚಿನ ಮೇಲೆ ಇಟ್ಟರು. "ಪಿಕಪ್ ಸತ್ತಿದೆ. ನೀನು ವೈಂಡಿಂಗ್ ಮಾಡೋನಲ್ವಾ, ನೋಡು" ಎಂದರು. ಅಷ್ಟೇ. ಟೀ ಕುಡಿದು ರೈಲಿಗೆ ಹೋದರು.

ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಕಾಯಿಲ್. ತಂತಿ ಅದರ ಮೇಲೆ ಕಂಪಿಸಿದಾಗ ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಅದೇ ಸದ್ದಾಗಿ ಹೊರಬರುತ್ತದೆ. ಮೋಟಾರಿನ ಕೆಲಸವನ್ನೇ ತಿರುಗಿಸಿ ಹಾಕಿದ ಹಾಗೆ. ಆದರೆ ಮೋಟಾರಿನ ತಂತಿ ಎಲ್ಲಿ, ಇದೆಲ್ಲಿ! ಕೂದಲಿಗಿಂತ ತೆಳು. ಬೆಂಗಳೂರಿನ ಎಸ್.ಪಿ. ರೋಡಿನಿಂದ 42 ಗೇಜ್ ಎನಾಮಲ್ ತಂತಿ ತಂದೆ. ಹಳೆಯದನ್ನು ಬಿಚ್ಚುತ್ತಾ ಸುತ್ತುಗಳನ್ನು ಎಣಿಸಲು ಹೋದೆ, ನಡುವೆ ಪುಡಿಯಾಗಿ ಲೆಕ್ಕ ತಪ್ಪಿತು. ಕೊನೆಗೆ ಬಾಬಿನ್ ತುಂಬುವಷ್ಟು ಸುತ್ತುವುದು ಎಂದು ನಿರ್ಧರಿಸಿದೆ. ಮೆಷಿನ್ನಿಗೆ ಹಾಕಿದರೆ ಪಟ್ಟನೆ ತುಂಡಾಗುತ್ತಿತ್ತು. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಕೈಯಲ್ಲೇ ಹಿಡಿ ತಿರುಗಿಸಿದೆ, ತಂತಿಯನ್ನು ಹತ್ತಿ ಬಟ್ಟೆಯ ನಡುವೆ ಸಡಿಲವಾಗಿ ಹಾಯಿಸುತ್ತಾ. ಸಾವಿರಗಟ್ಟಲೆ ಸುತ್ತು. ಎರಡು ರಾತ್ರಿ ಹಿಡಿಯಿತು. ಮೀಟರ್ ಇಟ್ಟಾಗ ಮುಳ್ಳು ಅಲುಗಿತು. ಆಂಪ್ಲಿಫೈಯರಿಗೆ ಸಿಕ್ಕಿಸಿ ಎ ತಂತಿ ಮೀಟಿದೆ. ಬೆಂಚಿನ ಮೇಲಿದ್ದ ಸ್ಕ್ರೂಗಳು ಗಲಗಲ ಎಂದವು. ಆರು ವರ್ಷದ ಮೇಲೆ ಆ ಸದ್ದು ಎದೆಗೆ ತಾಗಿ ನನಗೆ ಅಳು ಬಂತು.

ಮತ್ತೆ ಯಾರನ್ನೂ ಕೇಳಿಕೊಂಡು ಹೋಗಲಿಲ್ಲ. ಮಾಲೂರಿನಲ್ಲಿ ಒಂದು ರಾಜ್ಯೋತ್ಸವ ಪ್ರೋಗ್ರಾಂಗೆ ಗೆಳೆಯನೊಬ್ಬ ಸುಮ್ನೆ ಬಾ ಎಂದ, ಹೋದೆ. ಎರಡನೇ ಚರಣದ ನಡುವೆ ಕೀಬೋರ್ಡಿನ ಅಡಾಪ್ಟರ್ ಕೈಕೊಟ್ಟಿತು. ಸ್ಟೇಜು ಖಾಲಿಯಾದ ಹಾಗಾಯಿತು. ಹಾಡುತ್ತಿದ್ದ ಹುಡುಗಿ ಗಾಬರಿಯಾಗಿ ನನ್ನ ಕಡೆ ತಿರುಗಿದಳು. ನಾನು ಅವಳ ಬಾಯಿ ನೋಡಿದೆ. ಸಾಲು ಶುರುವಾಗುವ ಮುಂಚೆ ಸಾ ಕೊಟ್ಟೆ, ಗಟ್ಟಿಯಾಗಿ, ಒಂದೇ ಸಲ. ಡೋಲಕ್ಕಿನವರು ಹಿಡಿದುಕೊಂಡರು. ಚರಣ ಪೂರ್ತಿ ಬೇಸು, ಡೋಲಕ್ಕು, ಅವಳ ದನಿ ಅಷ್ಟೇ. ನಾನು ಒಂದು ಸ್ವರವನ್ನೂ ಹೆಚ್ಚು ಹಾಕಲಿಲ್ಲ. ಅವಳು ಉಸಿರು ತೆಗೆದುಕೊಂಡಾಗ ನಿಲ್ಲಿಸಿದೆ, ಅಷ್ಟು ಜನರ ಮೈದಾನದಲ್ಲಿ ಆ ಉಸಿರು ಕೇಳಿಸಿತು. ಆ ಆರ್ಕೆಸ್ಟ್ರಾದವರು ಅವತ್ತೇ ಮುಂದಿನ ತಿಂಗಳ ಅಡ್ವಾನ್ಸ್ ಕೊಟ್ಟರು.

ಇಷ್ಟದ ಸಂಗೀತ ಯಾವುದು ಎಂದು ಹುಡುಗರು ಕೇಳುತ್ತಾರೆ. ರಾಜನ್-ನಾಗೇಂದ್ರ ಅವರ ಹಾಡುಗಳು ನನಗೆ ಮನೆ ಇದ್ದ ಹಾಗೆ. ಜಿ.ಕೆ. ವೆಂಕಟೇಶ್ ಅವರದು ಇನ್ನೊಂದು ಗಾಂಭೀರ್ಯ. ಆದರೆ ಬೇಸ್ ಎಂದರೆ ನನಗೆ ಇಳಯರಾಜ. ಅವರು ಮೊದಲು ಇದೇ ವೆಂಕಟೇಶ್ ಅವರ ಸಹಾಯಕರಾಗಿದ್ದವರು. 1981ರ 'ಗೀತಾ' ಸಿನಿಮಾದ ಹಾಡುಗಳನ್ನು ಟ್ರೆಬಲ್ ಇಳಿಸಿ ಕೇಳಿ ನೋಡಿ. ಅಲ್ಲಿ ಬೇಸ್ ತಾಳ ಎಳೆದುಕೊಂಡು ಹಿಂದೆ ಬರುವುದಿಲ್ಲ. ಹಾಡಿನ ರಾಗ ಒಂದು ಕಡೆ ಹೋದರೆ ತಾನು ಇನ್ನೊಂದು ದಾರಿಯಲ್ಲಿ ಹಾಡುತ್ತಾ ಹೋಗಿ, ಸರಿಯಾದ ಜಾಗದಲ್ಲಿ ಬಂದು ಸೇರುತ್ತದೆ.

ಇನ್ನೊಂದು ಇಷ್ಟ ನಮ್ಮ ಕಡೆಯ ತಮಟೆ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ತಮಟೆಯಲ್ಲಿ ಸ್ವರ ಬದಲಾಗುವುದಿಲ್ಲ. ಎಲ್ಲಿ ಹೊಡೆಯಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲೇ ಇಡೀ ಕಥೆ. ಕರಗದ ರಾತ್ರಿ ಇವತ್ತಿಗೂ ನಾನು ಜನರ ಮಧ್ಯೆ ನಿಂತು, ಎಡಗೈ ಬೆರಳುಗಳನ್ನು ತೊಡೆಯ ಮೇಲೆ ಒತ್ತುತ್ತಾ, ತಮಟೆಯವರು ಬಿಡುವ ಜಾಗಗಳನ್ನು ಎಣಿಸುತ್ತಿರುತ್ತೇನೆ.